ಕಂಬದ ಹಿಂದಿನ ಕುರ್ಚಿ

"ಏನೇ ಆಗ್ಲಿ, ಆ ಆಸ್ಪತ್ರೆ ಮೆಟ್ಟಿಲು ಮಾತ್ರ ಹತ್ತಲ್ಲ" ಎಂದು ಮಾವ ಮುಖ ತಿರುಗಿಸಿದರು.

ಬಸ್ ಓಡಿಸಿ ನಿವೃತ್ತರಾದ ಅವರಿಗೆ ಉಬ್ಬಸ. ಹಿಂದಿನ ಸಲ ಉಸಿರು ಕಟ್ಟಿದಾಗ ತುರ್ತು ಚಿಕಿತ್ಸಾ ವಿಭಾಗಕ್ಕೆ ಒಬ್ಬರೇ ಹೋಗಿ, ಕಾದು ಕಾದು, ಯಾರೂ ವಿಚಾರಿಸಲಿಲ್ಲವೆಂದು ಏದುಸಿರು ಬಿಡುತ್ತಲೇ ಮನೆಗೆ ಬಂದಿದ್ದರು. ಅಂದಿನಿಂದ ಅವರು ಸುಮ್ಮನೆ ಕೆಮ್ಮಿದರೂ ಸೊಸೆ ಕೈಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಾಳೆ.

ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ನರ್ಸಕ್ಕ ಬಾಗಿಲಲ್ಲೇ ನಿಂತು ಹೇಳಿದರು: "ಯಜಮಾನ್ರೇ, ನಾಳೆ ನನ್ ಜೊತೆ ಬನ್ನಿ. ರಟ್ಟಿನ ಆಸ್ಪತ್ರೆ ತೋರಿಸ್ತೀನಿ."

"ರಟ್ಟಿಂದಾ?"

"ಹೂಂ. ತುರ್ತು ವಿಭಾಗ ಹೊಸದಾಗಿ ಕಟ್ತಿದಾರೆ. ಗೋಡೆ ಏಳೋಕ್ ಮುಂಚೆ ಒಂದು ಖಾಲಿ ಹಾಲ್‌ನಲ್ಲಿ ರಟ್ಟಿನ ಗೋಡೆ ನಿಲ್ಲಿಸಿ ನೋಡ್ತಿದೀವಿ. ಎಲ್ಲಿ ತೊಡಕು ಅಂತ ರೋಗಿಗಳೇ ಹೇಳ್ಬೇಕು."

"ಇಂಜಿನಿಯರ್ ಇರ್ಬೇಕಾದ್ರೆ ನನ್ನನ್ಯಾಕೆ ಕೇಳ್ತೀಯಮ್ಮಾ?" ಎಂದರೂ ಮರುದಿನ ಸೊಸೆಗಿಂತ ಮೊದಲೇ ಮಾವ ಚಪ್ಪಲಿ ಮೆಟ್ಟಿ ನಿಂತಿದ್ದರು.

ಹಾಲ್‌ನಲ್ಲಿ ಬಾಗಿಲು, ಕಂಬ, ಗೋಡೆ ಎಲ್ಲವೂ ರಟ್ಟಿನವು. ಮೇಜು, ಕುರ್ಚಿ ಮಾತ್ರ ನಿಜವಾದವು. ಮಾವ ಗೋಡೆಯನ್ನು ತಟ್ಟಿ, "ನನ್ನ ಹಳೇ ಬಸ್ಸಿಗಿಂತ ಗಟ್ಟಿಯಾಗಿದೆ" ಎಂದರು.

"ಈಗ ಉಸಿರು ಕಟ್ಟಿದೆ ಅಂದ್ಕೊಳ್ಳಿ. ಅವತ್ತು ಎಂಥಾ ಜಾಗದಲ್ಲಿ ಕೂತಿದ್ರೋ ಇಲ್ಲೂ ಅಂಥಾ ಜಾಗದಲ್ಲೇ ಕೂತ್ಕೊಳ್ಳಿ" ಎಂದರು ನರ್ಸಕ್ಕ.

ಮಾವ ಸೀದಾ ಹೋಗಿ ಕಂಬದ ಹಿಂದಿನ ಕುರ್ಚಿಯಲ್ಲಿ ಕುಳಿತರು. ನರ್ಸಕ್ಕನ ಮೇಜಿನಿಂದ ಅವರ ಒಂದು ಮೊಣಕಾಲು ಬಿಟ್ಟರೆ ಏನೂ ಕಾಣಲಿಲ್ಲ.

"ಅಲ್ಲೇ ಯಾಕೆ ಮಾವ?" ಸೊಸೆ ಕೇಳಿದಳು.

"ಏದುಸಿರು ಬಿಡ್ತಾ ಕೂತ್ರೆ ಎಲ್ರೂ ತಿರುಗಿ ತಿರುಗಿ ನೋಡ್ತಾರಮ್ಮ. ನಾಚಿಕೆ ಆಗುತ್ತೆ."

"ನರ್ಸ್‌ಗಾದ್ರೂ ಹೇಳೋದಲ್ವಾ?"

"ಅಷ್ಟು ಜನ ಕಾಯ್ತಿದ್ರು. ಸರದಿ ಬಿಟ್ಟು ನುಗ್ಗೋಕಾಗುತ್ತಾ?"

"ಅಯ್ಯೋ, ಇದು ಟಿಕೆಟ್ ಕೌಂಟರ್ ಅಲ್ಲ!" ಎಂದರು ನರ್ಸಕ್ಕ. "ಇಲ್ಲಿ ಮೊದಲು ಬಂದೋರಿಗಲ್ಲ, ಜೀವಕ್ಕೆ ಹೆಚ್ಚು ಅಪಾಯ ಇರೋರಿಗೆ ಮೊದಲು. ಉಸಿರು ಕಟ್ಟಿದೋರು ಕಾಲು ಉಳುಕಿದೋರ ಹಿಂದೆ ಕಾಯೋ ಹಾಗಿಲ್ಲ." ಆಮೇಲೆ ಕಂಬವನ್ನೇ ನೋಡುತ್ತಾ ನಿಂತರು. "ಆದ್ರೆ ನಾಚಿಕೆ ಆಗುತ್ತೆ ಅನ್ನೋದು ನಮಗೂ ಹೊಳೆದಿರ್ಲಿಲ್ಲ. ಏನ್ ಮಾಡಿದ್ರೆ ಮುಂದೆ ಬಂದು ಕೂರ್ತೀರಿ?"

ಮಾವ ಗಲ್ಲ ಕೆರೆದುಕೊಂಡರು. "ಜನಕ್ಕೆ ಕಾಣಬಾರ್ದು. ನಿನಗೆ ಮಾತ್ರ ಕಾಣ್ಬೇಕು."

ಕುರ್ಚಿ ನರ್ಸಕ್ಕನ ಮೇಜಿನ ಪಕ್ಕಕ್ಕೆ ಬಂತು. ಕಾಯುವವರ ಕಡೆಗೆ ಒಂದು ಅಡ್ಡರಟ್ಟು ನಿಲ್ಲಿಸಲು ಸೊಸೆ ಹೆಣಗಾಡುತ್ತಿದ್ದರೆ, ಮಾವ ಕೂತಲ್ಲಿಂದಲೇ "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ, ಹೋಲ್ಡಾನ್!" ಎಂದು ಬಸ್ ಹಿಂದಕ್ಕೆ ತೆಗೆಸುವ ಕಂಡಕ್ಟರನಂತೆ ಕೂಗಿದರು.

ಹೊಸ ವಿಭಾಗ ತೆರೆದ ಮೇಲೆ ಒಂದು ಮಧ್ಯಾಹ್ನ ಮಾವನಿಗೆ ಮತ್ತೆ ಉಸಿರು ಕಟ್ಟಿತು. "ಆಟೋ ಕರೆಯಮ್ಮ" ಎಂದವರು ಅವರೇ. ಬಾಗಿಲು ದಾಟಿದವರೇ "ಉಸಿರಾಡೋಕಾಗ್ತಿಲ್ಲ" ಎಂದರು. ಅಂದು ಮೇಜಿನ ಬಳಿ ಇದ್ದವರು ಗುರುತಿಲ್ಲದ ನರ್ಸ್. ಆದರೂ ಅಡ್ಡಗೋಡೆಯ ಮರೆಯ ಕುರ್ಚಿಯಲ್ಲಿ ಮಾವ ಕೂರುವಷ್ಟರಲ್ಲಿ ಆಮ್ಲಜನಕದ ಮಾಸ್ಕ್ ಮುಖಕ್ಕೆ ಬಂದಿತ್ತು.

ಉಸಿರು ಹದಕ್ಕೆ ಬಂದ ಮೇಲೆ ಸೊಸೆ ಮೆಲ್ಲಗೆ ಕೇಳಿದಳು: "ನಾಚಿಕೆ ಆಯ್ತಾ ಮಾವ?"

"ಆಗೋಕೆ ಆ ನರ್ಸ್ ಹುಡುಗಿ ಟೈಮ್ ಎಲ್ಲಿ ಕೊಟ್ಳು?"

ನೀವೂ ಅಷ್ಟೇ. ಉಸಿರು ಕಟ್ಟಿದರೆ, ಎದೆ ಹಿಂಡಿದರೆ ಮೂಲೆ ಹಿಡಿದು ಕೂರಬೇಡಿ, ಬಾಗಿಲಲ್ಲೇ ಹೇಳಿ. ಇನ್ನು ನಿಮ್ಮ ಆಸ್ಪತ್ರೆಯವರು "ಇಲ್ಲಿ ನಿಮಗೇನು ತೊಂದರೆ?" ಎಂದು ಕೇಳಿದರೆ, "ನಮಗೇನು ಗೊತ್ತು" ಎಂದು ಎದ್ದು ಬರಬೇಡಿ. ಕೇಳದಿದ್ದರೂ ಹೇಳಿ ಬನ್ನಿ. ನೀವು ಕೂತ ಕುರ್ಚಿಯಲ್ಲಿ ಏನು ತೊಡಕಿತ್ತು ಎನ್ನುವುದು ಅಲ್ಲಿ ಕೂತ ನಿಮಗೇ ಗೊತ್ತು.