ಎದುರಾಳಿ ತಂಡದ ಕಿಕ್ಕರ್ ಬಗ್ಗೆ ನಾನು ಬರೆದ ಒಂದು ಸಾಲು

1.

ಈ ಕಥೆಯನ್ನು ಎಲ್ಲಿಂದ ಆರಂಭಿಸಿದರೆ ನನ್ನ ತಪ್ಪು ಕೊಂಚ ಚಿಕ್ಕದಾಗಿ ಕಾಣುತ್ತದೆಂದು ಆರು ವಾರಗಳಿಂದ ಯೋಚಿಸುತ್ತಿದ್ದೇನೆ. ಕ್ರೀಡಾಂಗಣದಿಂದ ಆರಂಭಿಸಿದರೆ ಒಂದು ಲಕ್ಷ ಜನರ ಗದ್ದಲದಲ್ಲಿ ನಾನು ಕಾಣಿಸುವುದಿಲ್ಲ. ಫೋನ್ ಕರೆಯಿಂದ ಆರಂಭಿಸಿದರೆ ತಕ್ಷಣ ಸಿಕ್ಕಿಬೀಳುತ್ತೇನೆ. (ವಾರಪತ್ರಿಕೆಗೆ ಹನ್ನೊಂದು ವರ್ಷ ಧಾರಾವಾಹಿ ಬರೆದವಳು ನಾನು. ಅಪರಾಧಿಯನ್ನು ಕೊನೆಯ ಕಂತಿನವರೆಗೆ ಬಚ್ಚಿಡುವುದು ನನ್ನ ಕಸುಬು. ಈ ಸಲ ಮೊದಲ ಪ್ಯಾರಾದಲ್ಲೇ ಹೇಳಿಬಿಟ್ಟೆ. ನೀವು ಈಗಲೇ ಎದ್ದುಹೋಗಬಹುದು.)

2.

ಹೋಗಲಿಲ್ಲವೇ? ಹಾಗಾದರೆ ಕೇಳಿ.

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿರುವ ನಮಗೆ ಆಗಸ್ಟ್ ಅಂದರೆ ಕಾಲೇಜ್ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಇಲ್ಲಿನ ಫುಟ್‌ಬಾಲ್. ಇಲ್ಲಿನ ದೊಡ್ಡ ವಿಶ್ವವಿದ್ಯಾಲಯ ಸೀಸನ್ನಿನ ಮೊದಲ ಪಂದ್ಯಕ್ಕೆ ಯಾವುದಾದರೊಂದು ಸಣ್ಣ ಕಾಲೇಜನ್ನು ಕರೆಸಿ ಸೋಲಿಸುತ್ತದೆ. ಹಾಗೆ ಸೋಲಲು ಬರುವ ತಂಡದ ಪರಿಚಯವನ್ನು ನಮ್ಮ ಕನ್ನಡ ಕೂಟದ ಸಂಚಿಕೆಗೆ ಬರೆಯುವುದು ಆರು ವರ್ಷಗಳಿಂದ ನನ್ನ ಪಾಲು. ಅಂಕಣದ ಹೆಸರು ‘ಈ ವರ್ಷದ ಬಲಿಪಶು’. ನಗುವುದಕ್ಕೆಂದೇ ಜನ ಅದನ್ನು ಓದುತ್ತಾರೆ.

ಈ ವರ್ಷದ ಬಲಿಪಶು ಇಲಿನಾಯ್ಸಿನ ಒಂದು ಕಾಲೇಜು. ಅದರ ಕಿಕ್ಕರ್ ಝೈನ್. ಕಿಕ್ಕರ್ ಅಂದರೆ ಇಡೀ ಪಂದ್ಯದಲ್ಲಿ ನಾಲ್ಕೈದು ಸಲ ಮೈದಾನಕ್ಕೆ ಬಂದು, ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ ದಾಟಿಸಿ ಮರಳುವವನು. ದಾಟಿದರೆ ಮೂರು ಅಂಕ. ಮೂರು ವರ್ಷ ಬೆಂಚಿನ ಮೇಲೆ ಕೂತಿದ್ದ ಝೈನ್‌ಗೆ ಕೊನೆಯ ವರ್ಷದಲ್ಲಿ ಜಾಗ ಸಿಕ್ಕಿತ್ತು.

ಅವನ ತಂದೆ ಮೆಹಬೂಬ್ ಗದಗಿನವನು. ಒಂಬತ್ತು ವರ್ಷ ನಮ್ಮ ಪಕ್ಕದ ಮನೆಯಲ್ಲಿದ್ದ. ಈಗ ಅದೇ ಇಲಿನಾಯ್ಸಿನ ಸ್ಕೋಕಿಯಲ್ಲಿ ಡ್ರೈ ಕ್ಲೀನಿಂಗ್ ಅಂಗಡಿ. ನನ್ನನ್ನು ಅಕ್ಕ ಅನ್ನುತ್ತಾನೆ. ಝೈನ್ ಒದ್ದ ಮೊದಲ ಚೆಂಡುಗಳು ಬಡಿದದ್ದು ನಮ್ಮ ಗರಾಜ್ ಬಾಗಿಲಿಗೆ. ಆ ದೊಡ್ಡ ಕ್ರೀಡಾಂಗಣದಲ್ಲಿ ಮಗ ಒಂದೇ ಒಂದು ಸಲ ಒದೆಯುವುದನ್ನು ಕೂತು ನೋಡಬೇಕು: ಮೆಹಬೂಬ್‌ಗೆ ಬೇಕಿದ್ದದ್ದು ಅಷ್ಟೇ.

3.

ಫೋನ್ ಕರೆ. (ತಪ್ಪಿಸಿಕೊಳ್ಳಲು ಆಗಲಿಲ್ಲ ನೋಡಿ.) ಜುಲೈ ತಿಂಗಳು.

“ಅಕ್ಕಾರ, ನಿಮಗಷ್ಟ ಹೇಳಾಕತ್ತೀನಿ. ಹುಡುಗನ ಬಲಗಾಲಿನ ತೊಡಿಸಂದ್ಯಾಗ ನೋವೈತಿ. ಕೋಚ್‌ಗೆ ಹೇಳಿಲ್ಲ. ಹೇಳಿದ್ರ ಮತ್ತ ಬೆಂಚಿಗೆ ಕುಂಡ್ರಸ್ತಾರ.”

“ಡಾಕ್ಟರ್‌ಗೆ ತೋರಿಸ್ಬೇಕಲ್ವೇನೋ?”

“ಇದೊಂದ್ ಮ್ಯಾಚ್ ಆಗ್ಲಿ, ಆಮ್ಯಾಲ ಕಾಲು ಬಿಚ್ಚಿ ಕೈಯಾಗ ಕೊಟ್ರೂ ನಡೀತೈತಿ ಅಂತಾನ. ಅವನ ಬಾಯಿ ನಿಮಗ ಗೊತ್ತೈತಲ್ಲ.”

ಇಬ್ಬರೂ ನಕ್ಕೆವು.

4.

ಅಂಕಣ ಬರೆಯಲು ಕೂತಾಗ ಎಲ್ಲವೂ ಸಪ್ಪೆಯಾಗಿತ್ತು. ಸೋಲುವುದು ಖಚಿತವಾಗಿರುವ ತಂಡದ ಬಗ್ಗೆ ಕುತೂಹಲ ಹುಟ್ಟಿಸುವುದು ಹೇಗೆ? ಕೈ ತನ್ನ ಹಳೆಯ ಚಾಳಿಗೆ ಹೊರಳಿತು. ಕೊನೆಯ ಸಾಲು ಹೀಗೆ ಬಂತು:

‘ಆದರೆ ಓದುಗರೇ, ಕಿಕ್ಕರ್‌ನ ಬಲತೊಡೆಯ ಸಂದಿಯಲ್ಲಿ ಒಂದು ನೋವು ಅಡಗಿ ಕೂತಿದೆ. ಕೋಚ್‌ಗೂ ಅದು ಗೊತ್ತಿಲ್ಲ. ಶನಿವಾರದವರೆಗೆ ಅದು ಬಾಯಿ ಮುಚ್ಚಿಕೊಂಡಿರುವುದೇ?’

ಸಾಲು ಚೆನ್ನಾಗಿದೆ, ಅಲ್ಲವೇ? ನನಗೂ ಹಾಗೇ ಅನ್ನಿಸಿತ್ತು.

ಕನ್ನಡದಲ್ಲಿ ಬರೆದದ್ದನ್ನು ಇಲ್ಲಿ ಯಾರು ಓದುತ್ತಾರೆ ಎಂಬ ಧೈರ್ಯ. ಲಿಫ್ಟಿನಲ್ಲಿ ಪಕ್ಕ ನಿಂತವರ ಹೊಟ್ಟೆಯ ಬಗ್ಗೆ ರಾಜಾರೋಷವಾಗಿ ಕನ್ನಡದಲ್ಲಿ ಮಾತಾಡುವ ಜನ ನಾವು. ನನ್ನ ಮಗಳು ದಿಯಾಗೇ ಕನ್ನಡ ಓದಲು ಬರುವುದಿಲ್ಲ. ಅವಳು ಪುಟದ ಫೋಟೊ ತೆಗೆದಳು. ಫೋನ್ ಅದನ್ನು ಇಂಗ್ಲಿಷ್ ಮಾಡಿಕೊಟ್ಟಿತು. ತಾಯಿಯ ಮೇಲಿನ ಹೆಮ್ಮೆಗೆ ಅದನ್ನು ಫುಟ್‌ಬಾಲ್ ಅಭಿಮಾನಿಗಳ ಸೈಟಿಗೆ ಹಾಕಿದಳು.

“ಅಮ್ಮ, ಯು ಆರ್ ಫೇಮಸ್! ನಾಲ್ಕು ಸಾವಿರ ಲೈಕ್ಸ್!”

ಅದು ಬುಧವಾರ. ಗುರುವಾರ ಮಧ್ಯಾಹ್ನ, ಅದನ್ನು ಓದಿದ ಕೋಚ್ ಝೈನ್‌ನನ್ನು ಕರೆದ. ಸ್ಕ್ಯಾನ್ ಆಗುವವರೆಗೆ ಆಡುವಂತಿಲ್ಲವೆಂದು ತಂಡದ ವೈದ್ಯರು ಹೇಳಿದರು. ಸ್ಕ್ಯಾನ್‌ಗೆ ಸಿಕ್ಕ ದಿನ ಸೋಮವಾರದ ಲೇಬರ್ ಡೇ ರಜೆ ಕಳೆದ ಮೇಲೆ, ಮಂಗಳವಾರ. ಪಂದ್ಯ ಶನಿವಾರ.

5.

ಈ ಕಥೆಗೆ ನಾನು ಬರೆದ ಕರಡು ಒಂದು: ಕೊನೆಯ ನಾಲ್ಕು ಸೆಕೆಂಡು. ಸಣ್ಣ ಕಾಲೇಜು ಎರಡೇ ಅಂಕ ಹಿಂದಿದೆ. ಝೈನ್ ಬದಲಿಗೆ ಬಂದ ಹುಡುಗ ಕೋಚ್ ಕಡೆಗೇ ತಿರುಗಿ ತಿರುಗಿ ನೋಡುತ್ತಾನೆ. ಝೈನ್ ವೈದ್ಯರನ್ನು ತಳ್ಳಿ ಮೈದಾನಕ್ಕೆ ಓಡುತ್ತಾನೆ...

“ಆಂಟಿ,” ಕರಡಿನೊಳಗಿಂದ ಝೈನ್ ತಡೆದ. “ವಿ ವರ್ ನೆವರ್ ದಟ್ ಗುಡ್.”

ಹರಿದು ಹಾಕಿದೆ.

ಕರಡು ಎರಡು: ಸ್ಕ್ಯಾನಿನಲ್ಲಿ ಮೂಳೆಯ ಬಿರುಕು ಕಾಣುತ್ತದೆ. ಶನಿವಾರ ಆಡಿದ್ದರೆ ಹುಡುಗ ಜೀವನವಿಡೀ ಕುಂಟಬೇಕಿತ್ತು. ನನ್ನ ಸಾಲೇ ಅವನನ್ನು ಉಳಿಸಿತೆಂದು ಮೆಹಬೂಬ್ ಕೈ ಮುಗಿಯುತ್ತಾನೆ. (ಈ ಕರಡನ್ನು ನಾಲ್ಕು ಸಲ ತಿದ್ದಿದ್ದೇನೆ. ಏಕೆಂದು ನಿಮಗೆ ಗೊತ್ತು.)

ಕರಡಿನ ಮೆಹಬೂಬ್ ಕೈ ಮುಗಿಯಲು ಒಪ್ಪಲಿಲ್ಲ.

“ಅಕ್ಕಾರ, ಮಂಗಳವಾರದ ರಿಪೋರ್ಟ್ ನಾನಾ ನಿಮಗ ಕಳಿಸೀನಿ. ಸ್ನಾಯು ಎಳದೈತಿ ಅಷ್ಟ, ಆಡಬಹುದು ಅಂತ ಬರದಾರ. ನಿಮ್ಮ ಕಥಿ ಸಲುವಾಗಿ ನನ್ನ ಮಗನ ಎಲುಬು ಮುರೀಬ್ಯಾಡ್ರಿ.”

“ಮತ್ತೇನು ಬರೆಯಲಿ?”

“ಆಗಿದ್ದು ಬರೀರಿ.”

6.

ಆಗಿದ್ದು: ಐವತ್ತೊಂದು–ಮೂರು.

ಮೆಹಬೂಬ್ ಸ್ಕೋಕಿಯಿಂದ ಇನ್ನೂರೈವತ್ತು ಮೈಲಿ ಡ್ರೈವ್ ಮಾಡಿಕೊಂಡು ಬಂದು ನನ್ನ ಪಕ್ಕ ಕೂತ. ಟಿಕೆಟ್ ಜೂನ್‌ನಲ್ಲೇ ಒಟ್ಟಿಗೆ ತೆಗೆದಿದ್ದೆವು. ತಾನು ತಂದ ಕಡಲೆಕಾಯಿಯನ್ನು ನನಗೂ ಕೊಟ್ಟ. ಎರಡು ಗಂಟೆ ನಾವು ಆಟದ ಬಗ್ಗೆ ಮಾತಾಡಲಿಲ್ಲ.

ಆ ಮೂರು ಅಂಕ ಬಂದದ್ದು ಬಹಳ ತಡವಾಗಿ, ಯಾರಿಗೂ ಬೇಡವಾದ ಹೊತ್ತಿನಲ್ಲಿ. ಮೊದಲ ವರ್ಷದ ಹುಡುಗನೊಬ್ಬ ಒದ್ದ. ಚೆಂಡು ಕಂಬಗಳ ನಡುವೆ ನೇರವಾಗಿ ದಾಟಿತು. ಮೈದಾನದ ಅಂಚಿನಲ್ಲಿ ಆಟದ ಉಡುಪಿಲ್ಲದೆ ಬರೀ ಟಿ-ಷರ್ಟಿನಲ್ಲಿ ನಿಂತಿದ್ದ ಝೈನ್ ಎಲ್ಲರಿಗಿಂತ ಮೊದಲು ಓಡಿಹೋಗಿ ಅವನನ್ನು ತಬ್ಬಿಕೊಂಡ. ಓಟದಲ್ಲಿ ಕುಂಟು ಇರಲಿಲ್ಲ. ನಾನು ನೋಡಿದೆ. ಅವನ ತಂದೆಯೂ ನೋಡಿದ.

ಇಡೀ ಸಾಲಿನಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದವನು ಮೆಹಬೂಬ್ ಒಬ್ಬನೇ. ಮುಂದೆ ಕೂತಿದ್ದ ಮುದುಕ ತಿರುಗಿ ನಕ್ಕು ಕೇಳಿದ: “ದಟ್ಸ್ ಯುವರ್ ಬಾಯ್, ದಿ ಕಿಕ್ಕರ್?”

“ನೋ ಸರ್. ಮೈ ಬಾಯ್ ಈಸ್ ದಿ ಒನ್ ಹಗ್ಗಿಂಗ್.”

(ಇನ್ನೊಂದು ಮಾತನ್ನು ನಿಮ್ಮಿಂದ ಬಚ್ಚಿಟ್ಟಿದ್ದೇನೆ. ಜುಲೈನಲ್ಲಿ ಇಬ್ಬರೂ ನಕ್ಕ ಮೇಲೆ ಮೆಹಬೂಬ್ ಹೇಳಿದ್ದ: “ಬರಿಯಂಗಿಲ್ಲ ಮತ್ತ, ಅಕ್ಕಾರ.” ನಾನು ಹೇಳಿದ್ದೆ: “ಛೇ, ನಾನೇನು ಅಷ್ಟು ತಿಳಿಗೇಡೀನಾ?”)

7.

ಕ್ಷಮೆ ಕೇಳಿದೆ, ಪಾರ್ಕಿಂಗ್‌ನಲ್ಲಿ, ಅವನ ಕಾರಿನ ಪಕ್ಕ ನಿಂತು. ಬೈದಿದ್ದರೆ ನನಗೊಂದು ಅಂತ್ಯ ಸಿಗುತ್ತಿತ್ತು. “ಬಿಡ್ರಿ ಅಕ್ಕಾರ, ನಿಮಗ ಹೇಳಿದ್ದು ನನ್ನ ತಪ್ಪು” ಅಂದ. ಬೈಗುಳಕ್ಕಿಂತ ಅದು ಎಷ್ಟು ಕೆಟ್ಟದ್ದೆಂದು ತಿಳಿಯಲು ನನಗೆ ಮನೆ ತಲುಪುವಷ್ಟು ಹೊತ್ತು ಬೇಕಾಯಿತು.

ನಿನ್ನೆ ಫೋನ್ ಮಾಡಿದ್ದೆ.

“ಝೈನ್ ಹೇಗಿದ್ದಾನೆ?”

“ಚಲೋ ಅದಾನ್ರಿ.”

“ಆಮೇಲೆ ಆಡಿದ್ನಾ? ಜಾಗ ವಾಪಸ್ ಕೊಟ್ರಾ?”

“ನಿಮ್ಮ ಕಡೆ ಥಂಡಿ ಸುರು ಆತೇನ್ರಿ?”

“ಹೂಂ, ಐವತ್ತೆರಡು ಡಿಗ್ರಿಗೆ ಇಳಿದಿದೆ.”

“ಇಲ್ಲೂ ಅಷ್ಟರೀ.”

ನಿಮಗೊಂದು ಮುಕ್ತಾಯ ಬೇಕು; ನನಗೂ ಬೇಕು. ಮರುವಾರವೇ ಅವನಿಗೆ ಜಾಗ ಸಿಕ್ಕಿರಬಹುದು. ಆ ಹೊಸ ಹುಡುಗನೇ ಖಾಯಂ ಆಗಿರಬಹುದು. ಝೈನ್ ತಂಡವನ್ನೇ ಬಿಟ್ಟು ಅಂಗಡಿಯಲ್ಲಿ ತಂದೆಯ ಪಕ್ಕ ಕೋಟುಗಳಿಗೆ ಚೀಟಿ ಹಚ್ಚುತ್ತಿರಬಹುದು. ಕಾಲೇಜಿನ ವೆಬ್‌ಸೈಟ್ ತೆರೆದರೆ ಅರೆ ನಿಮಿಷದಲ್ಲಿ ಗೊತ್ತಾಗುತ್ತದೆ. ತೆರೆದಿಲ್ಲ. ಅದನ್ನು ಮೆಹಬೂಬ್ ತಾನಾಗಿಯೇ ನನಗೆ ಹೇಳಬೇಕು.

ಎಂದಾದರೂ ಅವನು ಹೇಳಿದರೆ, ಓದುಗರೇ, ನಾನು ನಿಮಗೆ ಹೇಳುವುದಿಲ್ಲ.