ಎರಡು ತುಂಡಿನ ಎಲುಬು

"ಮುರದಿಲ್ಲ ಅಂತ ಹೇಳಿದಾಕಿ ನಾನರಿ, ಸಾಹೇಬ್ರ. ಈಗೂ ಅದನ್ನ ಹೇಳ್ತೀನಿ."

ಮಾಳಮ್ಮ ಕುರ್ಚಿಯ ಮೇಲೆ ಕೂರಲಿಲ್ಲ. ರೈಲ್ವೆ ಡಾಕ್ಟರು ಕಿಟಕಿಯ ಬೆಳಕಿಗೆ ಎಕ್ಸರೇ ಹಾಳೆ ಹಿಡಿದಿದ್ದರು. ಅದರಲ್ಲಿ ಮರಿಲಿಂಗಪ್ಪನ ಬಲಗೈ ಮಣಿಕಟ್ಟಿನ ಎಲುಬುಗಳು ಹಳ್ಳದ ಹರಳುಗಳ ಹಾಗೆ ಬೆಳ್ಳಗಿದ್ದವು. ಹೆಬ್ಬೆರಳ ಬುಡದಲ್ಲಿದ್ದ ಒಂದು ಮಾತ್ರ ನಡುವೆ ಗೀರು ಬಿದ್ದು ಎರಡಾಗಿತ್ತು.

ನಿಜಾಮರ ಆಳಿಕೆ ಮುಗಿದು ಐದು ವರ್ಷವಾಗಿತ್ತು. ಮರಿಲಿಂಗಪ್ಪ ಯಾದಗಿರಿಯ ರೈಲು ಹಳಿಗಳ ಮೇಲೆ ನಾಲ್ಕು ವರ್ಷ ಹಂಗಾಮಿ ಕೂಲಿಯಾಗಿ ದುಡಿದು, ಈಗ ಕಾಯಂ ಆಗುವವನಿದ್ದ. ಮೂರು ವಾರದ ಹಿಂದೆ ಜಲ್ಲಿಯ ಮೇಲೆ ಜಾರಿ, ಕೈಯೂರಿ ಬಿದ್ದ. ಹತ್ತಿಕುಣಿಯ ಮಾಳಮ್ಮ ಕುರಿಗೂ ಮನುಷ್ಯರಿಗೂ ಎಲುಬು ಕೂಡಿಸುವವಳು. ಮುಟ್ಟಿ ನೋಡಿ, ಬರೀ ಉಳುಕು ಎಂದು ಎಣ್ಣೆ ಹಚ್ಚಿ ಕಳಿಸಿದ್ದಳು. ಎಂಟು ದಿನದಲ್ಲಿ ನೋವು ಹೋಯಿತು. ಆದರೆ ನೌಕರಿಗೆ ಮೊದಲಿನ ತಪಾಸಣೆಯಲ್ಲಿ ತೆಗೆದ ಈ ಹಾಳೆ ಬೇರೆಯೇ ಹೇಳುತ್ತಿತ್ತು. ಅದಕ್ಕೇ ಅವನು ಮಾಳಮ್ಮನನ್ನು ಕರೆತಂದಿದ್ದ.

"ಫೋಟೋ ಸುಳ್ಳು ಹೇಳಂಗಿಲ್ಲಮ್ಮ," ಎಂದರು ಡಾಕ್ಟರು. "ಎಲುಬು ಎರಡು ತುಂಡಾಗ್ಯಾದ. ಇಂಥ ಕೈಗೆ ಹಳಿ ಸರಿಸೋ ಸಬ್ಬಲ್ ಕೊಡಾಕ ಬರಂಗಿಲ್ಲ. ಅನ್‌ಫಿಟ್ ಅಂತ ಬರೀಬೇಕಾಗ್ತದ."

ಮರಿಲಿಂಗಪ್ಪ ತಲೆ ತಗ್ಗಿಸಿದ. "ಅವ್ವಾ, ನಡಿ ಹೋಗೂನು."

"ನಿಂದರು ತಮ್ಮಾ." ಮಾಳಮ್ಮ ಅವನ ಕೈ ಎಳೆದುಕೊಂಡು, ಹೆಬ್ಬೆರಳ ಬುಡದ ಗುಣಿಯಲ್ಲಿ ಬೆರಳಿಟ್ಟು ಬಲವಾಗಿ ಒತ್ತಿದಳು. ಅವನು ಕಣ್ಣು ಸಹ ಮಿಟುಕಿಸಲಿಲ್ಲ. "ನೋಡ್ರಿ. ಮೂರು ವಾರದ ಹಿಂದ ಮುರದ ಎಲುಬು ಆಗಿದ್ರ ಇವ ಇಷ್ಟೊತ್ತಿಗೆ ಚೀರತಿದ್ದ. ಮುರದ ತುದಿ ಹರಕಮುರುಕ ಇರ್ತದ. ನಿಮ್ಮ ಫೋಟೋದಾಗ ಅಂಚು ನುಣ್ಣಗ ಅದ, ನೀವ ನೋಡ್ರಿ."

ಡಾಕ್ಟರು ಕನ್ನಡಕ ಸರಿಪಡಿಸಿಕೊಂಡು ಮತ್ತೆ ನೋಡಿದರು.

"ಆರು ಬೆರಳಿನ ಕೂಸು ಹುಟ್ಟಂಗಿಲ್ಲೇನ್ರಿ? ಹಂಗ ಇದೂ ಹುಟ್ಟಿದಾಗಿಂದನ ಎರಡು. ಎಡಗೈದೂ ಫೋಟೋ ತೆಗೀರಿ."

"ಎಡಗೈಗೆ ಏನೂ ಆಗಿಲ್ಲಲ್ಲ?"

"ಅದಕ್ಕ ತೆಗೀರಿ ಅನ್ನಾಕತ್ತೀನಿ."

ಡಾಕ್ಟರು ಎದ್ದು ಕಂಪೌಂಡರನನ್ನು ಕೂಗಿದರು.

ಹಾಳೆ ತೊಳೆದು ಒಣಗುವವರೆಗೆ ಇಬ್ಬರೂ ಹೊರಗೆ ಬೇವಿನ ಬುಡದಲ್ಲಿ ಕುಳಿತರು. ಮರಿಲಿಂಗಪ್ಪ ತನ್ನ ಎರಡೂ ಕೈಗಳನ್ನು ಬೇರೆ ಯಾರವೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಮಾಳಮ್ಮ ಎಲೆ ಅಡಿಕೆ ಹಾಕಿಕೊಂಡಳು.

ಒಳಗೆ ಕರೆದಾಗ ಡಾಕ್ಟರು ಎರಡೂ ಹಾಳೆಗಳನ್ನು ಜೋಡಿಸಿ ಹಿಡಿದಿದ್ದರು. ಎಡಗೈಯಲ್ಲೂ ಅದೇ ಎಲುಬು, ಅದೇ ಜಾಗದಲ್ಲಿ, ಅದೇ ಗೀರು.

"ಪುಸ್ತಕದಾಗ ಒಂದು ಸಾಲು ಓದಿದ್ದೆ," ಎಂದರು ಅವರು ಮೆಲ್ಲಗೆ. "ಕಣ್ಣಿಲೆ ಕಂಡಿದ್ದಿಲ್ಲ." ಫಾರಮ್ಮಿನ ಮೇಲೆ 'ಫಿಟ್' ಎಂದು ಬರೆದು, ಸಹಿ ಹಾಕಿ, ಮರಿಲಿಂಗಪ್ಪನಿಗೆ ಕೊಟ್ಟರು. ಅವನು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಹಣೆಗೊತ್ತಿಕೊಂಡ.

ಮಾಳಮ್ಮ ಸೆರಗು ಸರಿಮಾಡಿಕೊಂಡು ಹೊರಟಿದ್ದಳು. ಡಾಕ್ಟರು ಅಂಗಿಯ ತೋಳು ಮಡಚಿ, ತಮ್ಮ ಕೈಯನ್ನು ಮೇಜಿನ ಮೇಲೆ ಚಾಚಿದರು.

"ಇದನ್ನೊಂದು ನೋಡಮ್ಮ. ಭಾಳ ದಿನದಿಂದ ನೋಯ್ತದ."

ಅವಳು ತಿರುಗಿ ಬಂದು, ಮೊದಲ ಸಲ ಕುರ್ಚಿಯ ಮೇಲೆ ಕುಳಿತು, ಆ ಮಣಿಕಟ್ಟನ್ನು ಹಿಡಿದು ಕಣ್ಣು ಮುಚ್ಚಿದಳು.