ಕಾಯುವವರಿಗೊಂದು ಮಾತು

ಮನಶ್ಶಾಸ್ತ್ರ ವಿಭಾಗದ ಮೂರನೇ ಮಹಡಿಯಲ್ಲಿ, ಪ್ರಯೋಗಶಾಲೆಯ ಬಾಗಿಲ ಪಕ್ಕದಲ್ಲೇ ಅಟೆಂಡರ್ ಅಕ್ಕನ ಮೇಜು. ಎದುರಿಗೆ ಆರು ಕುರ್ಚಿ, ಮೂಲೆಯಲ್ಲಿ ನೀರಿನ ಫಿಲ್ಟರ್, ಗೋಡೆಯ ಮೇಲೆ ಐದು ನಿಮಿಷ ಮುಂದೆ ಓಡುವ ಗಡಿಯಾರ. ಇಪ್ಪತ್ತೊಂದು ವರ್ಷದಿಂದ ಆ ಜಾಗ ಅವಳದು. ವಿಭಾಗದ ಮುಖ್ಯಸ್ಥರು ನಾಲ್ಕು ಸಲ ಬದಲಾದರು, ಅಕ್ಕ ಅಲ್ಲಾಡಲಿಲ್ಲ. ತನ್ನ ಎದುರು ಕೂತವರು ಒಬ್ಬರೂ ಮುಖ ಗಂಟಿಕ್ಕಿಕೊಂಡು ಒಳಗೆ ಹೋದದ್ದಿಲ್ಲ ಎಂದು ಅವಳು ಸಿಕ್ಕಿದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡರೆ ತಪ್ಪೇನು? ಪ್ರೊಫೆಸರುಗಳ ಬೆನ್ನು ತಟ್ಟಲು ಊರೆಲ್ಲ ಜನ ಇದ್ದಾರೆ. ಅಟೆಂಡರು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕು.

ಮನೆಯಲ್ಲಿ ಕಥೆಯೇ ಬೇರೆ. ದರ್ಜಿಯಾದ ಅವಳ ಗಂಡ ಅವಳಿಗೆ ‘ಮೆಣಸಿನಕಾಯಿ’ ಎಂದು ಹೆಸರಿಟ್ಟಿದ್ದ. ಬಂದವರ ಸಿಟ್ಟನ್ನೆಲ್ಲ ಆಫೀಸಿನಲ್ಲಿ ಇಳಿಸಿಕೊಂಡು ಚೀಲದಲ್ಲಿ ತುಂಬಿ ಮನೆಗೆ ತರುತ್ತಾಳೆ ಎಂದು ಹೊಲಿಗೆ ಯಂತ್ರದ ಹಿಂದೆ ಕೂತು ಗೊಣಗುತ್ತಿದ್ದ. ಗೊಣಗುವ ಮೊದಲು ಅವಳು ಅಡುಗೆಮನೆಯಲ್ಲಿದ್ದಾಳೆ ಎಂಬುದನ್ನು ಖಾತ್ರಿ ಮಾಡಿಕೊಳ್ಳುತ್ತಿದ್ದ, ಅದು ಬೇರೆ ಮಾತು.

ಆ ಪ್ರಯೋಗಶಾಲೆಯಲ್ಲಿ ಒಬ್ಬ ಹುಡುಗಿ ನಾಲ್ಕು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದಳು. ಗೊತ್ತಿಲ್ಲದ ಇನ್ನೊಬ್ಬರನ್ನು ನೋಯಿಸುವಷ್ಟು ಸಿಟ್ಟು ಮನುಷ್ಯನಿಗೆ ಯಾಕೆ ಬರುತ್ತದೆ ಎಂಬುದು ಅವಳ ಪ್ರಶ್ನೆ. ಸುಮ್ಮನೆ ಕಾಯಿಸಿದರೆ ಬರುತ್ತದೆ ಎಂಬುದು ಅವಳ ಊಹೆ. ಪ್ರಯೋಗಕ್ಕೆ ಬಂದವರಲ್ಲಿ ಅರ್ಧ ಜನರನ್ನು ತಕ್ಷಣ ಒಳಗೆ ಕರೆಯುತ್ತಿದ್ದಳು, ಉಳಿದವರನ್ನು ಅಕ್ಕನ ಎದುರು ಅರ್ಧ ಗಂಟೆ ಕೂರಿಸುತ್ತಿದ್ದಳು. ಒಳಗೆ ಕಂಪ್ಯೂಟರಿನಲ್ಲಿ ಒಂದು ಆಟ. ಗೆದ್ದಾಗಲೆಲ್ಲ ಪಕ್ಕದ ಕೋಣೆಯ ಎದುರಾಳಿಯ ಕಿವಿಗೆ ಕರ್ಕಶವಾದ ಸದ್ದು ಬಿಡಬಹುದು. ಎಷ್ಟು ಜೋರಾಗಿ ಎಂಬುದನ್ನು ಒಂದರಿಂದ ಹತ್ತರವರೆಗೆ ತಿರುಗುವ ಗುಂಡಿಯಲ್ಲಿ ಆರಿಸಬೇಕು. ಪಕ್ಕದ ಕೋಣೆಯಲ್ಲಿ ಎದುರಾಳಿಯೂ ಇಲ್ಲ, ಮಣ್ಣೂ ಇಲ್ಲ, ಧೂಳು ಹಿಡಿದ ಎರಡು ಮುರುಕು ಕುರ್ಚಿ ಇದ್ದವು ಅಷ್ಟೆ. ಆಟ ಮುಗಿದ ಮೇಲೆ ಹುಡುಗಿ ನಿಜ ಹೇಳಿ ಕಳಿಸುತ್ತಿದ್ದಳು. ಗುಂಡಿ ಎಷ್ಟು ಮೇಲೇರಿತ್ತೋ ಅಷ್ಟು ಸಿಟ್ಟು ಎಂಬ ಲೆಕ್ಕ.

ಕಾಯುವವರಿಗೆ ಏನೂ ಹೇಳಬೇಡಿ ಎಂದು ಹುಡುಗಿ ಮೊದಲ ದಿನವೇ ಹೇಳಿದ್ದಳು. ಅಕ್ಕ ತಲೆಯಾಡಿಸಿದ್ದಳು. ಪ್ರಯೋಗದ ಗುಟ್ಟು ಬಿಡಬಾರದು ಎಂದು ಅವಳು ತಿಳಿದುಕೊಂಡಳು, ಬಿಡಲೂ ಇಲ್ಲ. ಆದರೆ ಬಂದು ಕೂತವರನ್ನು ಮನುಷ್ಯರ ಹಾಗೆ ಮಾತಾಡಿಸಬಾರದು ಎಂಬುದು ಅವಳ ತಲೆಗೇ ಹೊಳೆಯಲಿಲ್ಲ. ಇಪ್ಪತ್ತೊಂದು ವರ್ಷದ ಬಾಯಿ ಅದು, ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಮುನ್ನೂರ ಇಪ್ಪತ್ತು ಜನ ಬಂದು ಹೋದ ಮೇಲೆ ಫಲಿತಾಂಶ ಸಿದ್ಧವಾಯಿತು. ಅಕ್ಕ ಚಹಾದ ಫ್ಲಾಸ್ಕ್ ಹಿಡಿದು ಒಳಗೆ ಹೋದಾಗ ಹುಡುಗಿ ಮೇಜಿಗೆ ತಲೆ ಕೊಟ್ಟು ಕೂತಿದ್ದಳು. ಕಾದವರಿಗೂ ಕಾಯದವರಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಬಂದಿರಲಿಲ್ಲ. ಕಾಯಿಸುವುದಕ್ಕೂ ಸಿಟ್ಟಿಗೂ ಸಂಬಂಧವಿಲ್ಲ ಎಂದೇ ಬರೆದು ಮುಗಿಸು ಎಂದು ಅವಳ ಗೈಡ್ ಆಗಿದ್ದ ಪ್ರೊಫೆಸರ್ ಸಮಾಧಾನ ಹೇಳುತ್ತಿದ್ದರು. ಅಕ್ಕ ಫ್ಲಾಸ್ಕನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು. ಸಂಬಂಧ ಯಾಕೆ ಕಾಣಲಿಲ್ಲ ಎಂಬುದು ಆ ಕಟ್ಟಡದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಮನೆಗೆ ಹೋದವಳು ಅಂದು ಗಂಡನ ಮೇಲೆ ರೇಗಲಿಲ್ಲ. ಅವನು ಗಾಬರಿಗೊಂಡು, ಅವಳಿಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ನಿವೃತ್ತಿಗೆ ಎರಡೇ ವರ್ಷ ಉಳಿದಿದೆ. ಹೇಳಿದರೆ ಕೆಲಸ ಹೋಗಬಹುದು, ಆ ಮಗುವಿನ ನಾಲ್ಕು ವರ್ಷವನ್ನು ಹಾಳು ಮಾಡಿದವಳು ಎಂಬ ಹೆಸರು ಗ್ಯಾರಂಟಿ. ಆದರೆ ಹೇಳದಿದ್ದರೆ ತನ್ನ ಬಾಯಿಯಿಂದಾದ ತಪ್ಪು ಆ ಹುಡುಗಿಯ ಹೆಸರಿನಲ್ಲಿ ಅಚ್ಚಾಗುತ್ತದೆ. ಅದನ್ನು ಅಕ್ಕನಿಗೆ ನುಂಗಿಕೊಳ್ಳಲಾಗಲಿಲ್ಲ.

ಬೆಳಿಗ್ಗೆ ಹುಡುಗಿ ಬಂದು ಚೀಲ ಇಳಿಸುವ ಮೊದಲೇ ಅಕ್ಕ ಎದುರು ಹೋಗಿ ನಿಂತಳು.

“ನಾನು ಅವರ ಹತ್ರ ಮಾತಾಡ್ತಿದ್ದೆ ಮಗಳೇ. ಕಾಯೋಕೆ ಕೂತವರ ಹತ್ರ.”

“ಏನಂತ?”

“ಒಳಗಿನ್ನೂ ರೆಡಿ ಆಗಿಲ್ಲ, ಅರ್ಧ ಗಂಟೆ ಆಗತ್ತೆ. ತಪ್ಪು ನಮ್ದೇ, ಬೇಜಾರು ಮಾಡ್ಕೋಬೇಡಿ ಅಂತ. ಅಷ್ಟೇ. ಎಲ್ಲರಿಗೂ ಹೇಳ್ತಿದ್ದೆ.”

ಹುಡುಗಿಯ ಮುಖ ಬಿಳುಚಿತು, ಮರುಕ್ಷಣ ಕೆಂಪಾಯಿತು. ಮನುಷ್ಯನ ಸಿಟ್ಟಿನ ಬಗ್ಗೆ ಇನ್ನೂರು ಪುಸ್ತಕ ಓದಿದವಳು ಅಕ್ಕನ ಮೇಜಿನ ಮೇಲಿದ್ದ ಹಾಜರಿ ರಿಜಿಸ್ಟರನ್ನು ಎತ್ತಿ ನೆಲಕ್ಕೆ ಬೀಸಿ ಒಗೆದಳು. ಬೇರೆ ದಿನವಾಗಿದ್ದರೆ ಮೆಣಸಿನಕಾಯಿ ಒಂದಕ್ಕೆ ಎರಡು ಕೊಡುತ್ತಿದ್ದಳು. ಅಂದು ಮಾತ್ರ ಬಗ್ಗಿ ರಿಜಿಸ್ಟರನ್ನು ಎತ್ತಿಕೊಂಡು ಮಡಚಿದ ಹಾಳೆಗಳನ್ನು ಬಿಡಿಸಿದಳು. ಬಿಡಿಸುತ್ತ ಬಿಡಿಸುತ್ತ ಕೈ ನಿಂತಿತು. ಬುಧವಾರಗಳ ಎದುರು ತನ್ನ ಸಹಿ ಇರಲಿಲ್ಲ. ಬುಧವಾರ ಅವಳು ಟಪಾಲಿನ ಕೆಲಸಕ್ಕೆ ನೇರ ಮುಖ್ಯ ಕಚೇರಿಗೆ ಹೋಗಿ ಅಲ್ಲೇ ಸಹಿ ಮಾಡುತ್ತಿದ್ದಳು, ಆ ದಿನ ಮೇಜಿಗೆ ಕೂರುತ್ತಿದ್ದವನು ಸೆಕ್ಯುರಿಟಿಯವನು. ಅವನಿಗೆ ಎಲ್ಲರೂ ‘ಗೋಡೆ’ ಎನ್ನುತ್ತಿದ್ದರು. ಕೆಟ್ಟವನಲ್ಲ ಪಾಪ, ಆದರೆ ಗೋಡೆಯ ಹತ್ತಿರ ಮಾತಾಡಿದರೆ ಪ್ರತಿಧ್ವನಿಯಾದರೂ ಬರುತ್ತದೆ, ಅವನಿಂದ ಅದೂ ಬರುತ್ತಿರಲಿಲ್ಲ.

“ಬುಧವಾರದವರನ್ನ ಬೇರೆ ತೆಗೆದು ನೋಡು,” ಎಂದಳು ಅಕ್ಕ.

ಮಧ್ಯಾಹ್ನ ಹುಡುಗಿ ಹೊರಗೆ ಬಂದು ಕುರ್ಚಿಯಲ್ಲಿ ಕುಸಿದು ಕೂತಳು. ಅಕ್ಕನ ಎದುರು ಕಾದವರು ಗುಂಡಿಯನ್ನು ಸರಾಸರಿ ಮೂರರವರೆಗೆ ತಿರುಗಿಸಿದ್ದರು. ಗೋಡೆಯ ಎದುರು ಕಾದವರು ಏಳರವರೆಗೆ. ಅವರ ಸಂಖ್ಯೆ ಕಡಿಮೆಯಿದ್ದುದರಿಂದ ಒಟ್ಟು ಲೆಕ್ಕದಲ್ಲಿ ಮುಚ್ಚಿಹೋಗಿತ್ತು. ಹುಡುಗಿ ರಿಜಿಸ್ಟರಿನ ಹರಿದ ಅಂಚಿಗೆ ಟೇಪ್ ಅಂಟಿಸುತ್ತ, ತಪ್ಪಾಯ್ತು ಅಕ್ಕ, ಹೊಟ್ಟೆಗೆ ಹಾಕ್ಕೊಳ್ಳಿ ಎಂದಳು.

ಪ್ರೊಫೆಸರ್ ಅಷ್ಟಕ್ಕೆ ಕುಣಿಯಲಿಲ್ಲ. ಇದು ಸುಳಿವು, ಸಾಕ್ಷಿಯಲ್ಲ ಎಂದರು. ಬುಧವಾರ ಬರುವವರೇ ಸಿಡುಕರಿರಬಹುದು, ಗೋಡೆಯ ಮೀಸೆ ನೋಡಿಯೇ ಸಿಟ್ಟು ಬಂದಿರಬಹುದು. ಮತ್ತೆ ಇನ್ನೂರು ಜನರನ್ನು ಕೂರಿಸಬೇಕು, ಎಲ್ಲರೂ ಅಕ್ಕನ ಎದುರೇ. ಪ್ರತಿಯೊಬ್ಬರಿಗೆ ಒಂದರಂತೆ ಮುಚ್ಚಿದ ಲಕೋಟೆ ಅಕ್ಕನ ಕೈಗೆ ಬರುತ್ತದೆ, ಅವಳೇ ಒಡೆದು ನೋಡಬೇಕು. ‘ಹೇಳಿ’ ಎಂದಿದ್ದರೆ ಅದೇ ಮಾತು ಹೇಳಬೇಕು, ‘ಬೇಡ’ ಎಂದಿದ್ದರೆ ತುಟಿ ಬಿಚ್ಚಬಾರದು. ಯಾರಿಗೆ ಯಾವುದು ಬಂತು ಎಂಬುದು ಕೊನೆಯವರೆಗೆ ಹುಡುಗಿಗೂ ತಿಳಿಯಬಾರದು. ಅಕ್ಕನ ಕೈಲಿ ಸುಮ್ಮನಿರಲು ಆಗುತ್ತದೆಯೇ ಎಂದು ಪ್ರೊಫೆಸರ್ ಸಂಶಯದಿಂದ ಕೇಳಿದರು. ಅಕ್ಕನಿಗೆ ರೋಷ ಉಕ್ಕಿತು. ಆಗುತ್ತದೆ ಎಂದಳು.

ಎಂದದ್ದೇನೋ ಸರಿ, ಬಾಯಿಗೆ ಬೀಗ ಹಾಕಿಕೊಳ್ಳುವುದು ಸುಲಭವಲ್ಲ. ಒಂದು ದಿನ ರಾತ್ರಿ ಪಾಳಿ ಮುಗಿಸಿ ನೇರ ಬಂದ ನರ್ಸೊಬ್ಬಳು ಎದುರು ಕೂತಳು. ಲಕೋಟೆಯಲ್ಲಿ ‘ಬೇಡ’. ಆಕೆ ಗಡಿಯಾರ ನೋಡುತ್ತಾಳೆ, ಬಾಗಿಲು ನೋಡುತ್ತಾಳೆ, ಅಕ್ಕನ ಮುಖ ನೋಡುತ್ತಾಳೆ. ಅಕ್ಕ ನಾಲಿಗೆ ಕಚ್ಚಿ ಹಿಡಿದು ಸ್ಟೇಪ್ಲರಿನ ಪಿನ್ನುಗಳನ್ನು ಎಣಿಸಿದಳು. ಆಟ ಮುಗಿದು ಆಕೆ ಹೊರಬಂದ ಮೇಲೆ ಹಿಂದೆಯೇ ಓಡಿ ಹೋಗಿ, ಲಿಫ್ಟಿನ ಹತ್ತಿರ ಕೈ ಹಿಡಿದು ಕ್ಷಮೆ ಕೇಳಿ ಬಂದಳು. ಹೇಳದೆ ಉಳಿದ ಮಾತನ್ನೆಲ್ಲ ಮನೆಯಲ್ಲಿ ಖಾಲಿ ಮಾಡಿದಳು. ಆ ಐದು ತಿಂಗಳು ದರ್ಜಿ ಪಟ್ಟ ಪಾಡು ಯಾವ ಪ್ರಬಂಧದಲ್ಲೂ ದಾಖಲಾಗಿಲ್ಲ. ಆದರೆ ಇನ್ನೂರು ಲಕೋಟೆಯಲ್ಲಿ ಒಂದೇ ಒಂದೂ ತಪ್ಪಲಿಲ್ಲ. ಫಲಿತಾಂಶ ಬಂದಾಗ ಮಾತು ಕೇಳಿದವರು ಮತ್ತೆ ಮೂರರ ಹತ್ತಿರ, ಕೇಳದವರು ಮತ್ತೆ ಏಳರ ಹತ್ತಿರ ಇದ್ದರು. ಕಾಯಿಸಿದ್ದಕ್ಕಲ್ಲ, ಕಾಯಿಸಿ ಲೆಕ್ಕಕ್ಕೇ ಇಲ್ಲದವರ ಹಾಗೆ ಬಿಟ್ಟಿದ್ದಕ್ಕೆ ಜನಕ್ಕೆ ಸಿಟ್ಟು ಬರುತ್ತದೆ ಎಂದು ಹುಡುಗಿ ಬರೆದಳು. ನಲವತ್ತೊಂದನೇ ಪುಟದಲ್ಲಿ ಅಕ್ಕನ ಮಾತು ಅಕ್ಷರ ಬಿಡದೆ ಅಚ್ಚಾಯಿತು. ಅಕ್ಕ ಆ ಪುಟವನ್ನು ಗಂಡನಿಗೆ ಎರಡು ಸಲ ಓದಿ ಹೇಳಿದಳು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ದೊಡ್ಡ ಹೆಸರಿನವರು. ನಲವತ್ತು ನಿಮಿಷ ಮೊದಲೇ ಬಂದುಬಿಟ್ಟಿದ್ದರು. ಸಭಾಂಗಣದ ಕೀಲಿ ಗೋಡೆಯ ಹತ್ತಿರ, ಅವನಿಗೆ ಹನ್ನೊಂದಕ್ಕೆ ತೆಗೆ ಎಂದು ಹೇಳಿದ್ದರು. ಹನ್ನೊಂದಕ್ಕೇ ತೆಗೆದ. ಅಲ್ಲಿಯವರೆಗೆ ಅವರನ್ನು ಬಾಗಿಲಲ್ಲಿ ನಿಲ್ಲಿಸಿ, ಕುರ್ಚಿಯನ್ನೂ ತೋರಿಸದೆ ಮೇಲ್ಛಾವಣಿ ನೋಡುತ್ತ ನಿಂತಿದ್ದ. ಕ್ಯಾಂಟೀನಿಗೆ ಹೋಗಿದ್ದ ಅಕ್ಕ ಮರಳುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಪರೀಕ್ಷಕರ ಮುಖ ಕೆಂಡವಾಗಿತ್ತು.

ಒಂದು ಗಂಟೆ ಅವರು ಹುಡುಗಿಯನ್ನು ಹಿಂಡಿ ಹಾಕಿದರು. ಕೋಷ್ಟಕ ಸರಿಯಿಲ್ಲ, ಶೀರ್ಷಿಕೆ ಉದ್ದವಾಯಿತು, ಭಾಷೆ ಸಪ್ಪೆ. ಹುಡುಗಿಯ ಧ್ವನಿ ತೊಡರತೊಡಗಿತು. ಅಕ್ಕ ನೀರಿನ ಲೋಟಗಳ ಟ್ರೇ ಹಿಡಿದು ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಕೊನೆಗೆ ಅವರು ಪ್ರಬಂಧವನ್ನು ಮುಚ್ಚಿ ಪಕ್ಕಕ್ಕೆ ಸರಿಸಿದರು.

“ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆನೇ ಇದೆ. ಎಲ್ಲರಿಗೂ ಗೊತ್ತಿರೋದನ್ನ ಹೇಳೋಕೆ ನಾಲ್ಕೂವರೆ ವರ್ಷ ಬೇಕಾಗಿತ್ತೇನಮ್ಮ? ಈ ಒಂದು ಮಾತನ್ನ ಯಾರು ಬೇಕಾದ್ರೂ ಹೇಳಬಹುದಲ್ಲ?”

ಹುಡುಗಿ ತನ್ನ ಪ್ರತಿಯ ಹಾಳೆಗಳನ್ನು ತಿರುವತೊಡಗಿದಳು. ಇಂಥ ಕಡೆ ಅಟೆಂಡರು ಮಾತಾಡುವ ಪದ್ಧತಿಯಿಲ್ಲ. ಅದು ಅಕ್ಕನಿಗೆ ಗೊತ್ತಿತ್ತು. ಆದರೆ ಇವತ್ತು ‘ಬೇಡ’ ಎಂದು ಯಾರೂ ಲಕೋಟೆ ಕೊಟ್ಟಿರಲಿಲ್ಲ.

“ಹೇಳಬಹುದು ಸಾರ್. ಆದ್ರೆ ಹೇಳಲ್ಲ,” ಎಂದಳು. “ಬೆಳಿಗ್ಗೆ ನಲವತ್ತು ನಿಮಿಷ ಹೊರಗೆ ನಿಂತಿದ್ರಲ್ಲ, ನಿಮಗೆ ಯಾರಾದ್ರೂ ಹೇಳಿದ್ರಾ?”

ಪ್ರೊಫೆಸರ್ ಕಣ್ಣು ಮುಚ್ಚಿಕೊಂಡರು. ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಕ್ಕನನ್ನು ನೋಡಿದರು, ಆಮೇಲೆ ಕಣ್ಣೀರು ತಡೆದುಕೊಂಡು ನಿಂತಿದ್ದ ಹುಡುಗಿಯನ್ನು ನೋಡಿದರು.

“ಇಲ್ಲಮ್ಮ, ಯಾರೂ ಹೇಳಲಿಲ್ಲ,” ಎಂದರು ನಿಧಾನವಾಗಿ. “ಅದಕ್ಕೇ ಒಂದು ಗಂಟೆಯಿಂದ ಈ ಹುಡುಗಿ ಮೇಲೆ ಗುಂಡಿ ತಿರುಗಿಸ್ತಾ ಕೂತಿದ್ದೀನಿ.”

ಪಕ್ಕಕ್ಕೆ ಸರಿಸಿದ್ದ ಪ್ರಬಂಧವನ್ನು ಅವರು ಮತ್ತೆ ಹತ್ತಿರ ಎಳೆದುಕೊಂಡು, ನಲವತ್ತೊಂದನೇ ಪುಟ ತೆಗೆದು, ಈ ಮಾತು ಯಾರದು ಎಂದು ಕೇಳಿದರು. ಹುಡುಗಿ ಬೆನ್ನು ನೆಟ್ಟಗೆ ಮಾಡಿಕೊಂಡಳು. ಆ ದಿನ ಮೊದಲ ಬಾರಿಗೆ ಅವಳ ಧ್ವನಿ ಹಿಂದಿನ ಸಾಲಿನವರೆಗೂ ಸ್ಪಷ್ಟವಾಗಿ ಕೇಳಿಸಿತು.

“ನಮ್ಮ ಅಕ್ಕಂದು ಸಾರ್.”

ಅಕ್ಕ ಟ್ರೇ ಹಿಡಿದು ತಲೆಯೆತ್ತಿ ಮುಂದಿನ ಸಾಲಿನವರೆಗೆ ನಡೆದು ಬಂದಳು. ತಪ್ಪು ನಮ್ದೇ ಸಾರ್, ಬೇಜಾರು ಮಾಡ್ಕೋಬೇಡಿ ಎಂದು ಹೇಳಿ ಮೊದಲ ಲೋಟ ನೀರನ್ನು ಪರೀಕ್ಷಕರ ಮುಂದಿಟ್ಟಳು.